ಕಲಿಸದವರಿಗೆ ಕಡಿಮೆ ಕೊಡುವ ಹಕ್ಕಿಲ್ಲ

ಭಾಲ್ಕಿ ತಾಲ್ಲೂಕಿನ ಹಲಬರ್ಗಾ ಸುತ್ತಿನ ಹಳ್ಳಿಗಳಲ್ಲಿ ಐಟಿಐ ಮುಗಿಸಿದ ಹುಡುಗನಿಗೆ ಸಿಗುವ ದಾರಿಗಳನ್ನು ಬೆರಳಲ್ಲಿ ಎಣಿಸಬಹುದು. ಬೀದರ್‌ನಲ್ಲೋ ಭಾಲ್ಕಿಯಲ್ಲೋ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೋ ಸೇರಬಹುದು. ಬೀದರ್ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದಲ್ಲೋ ಹುಮನಾಬಾದ್ ಕಡೆಯೋ ಒಂದು ಕಾರ್ಖಾನೆಯ ಗೇಟಿಗೆ ಹೋಗಿ ನಿಲ್ಲಬಹುದು. ಇಲ್ಲವೇ ವಿಕಾರಾಬಾದ್–ಪರಳಿ ಮಾರ್ಗದ ರೈಲು ಹತ್ತಿ ಹೈದರಾಬಾದಿಗೋ, ಮುಂದೆ ಪುಣೆಗೋ ಹೋಗಬಹುದು. ಔರಾದ್‌ನ ಹುಡುಗನದೂ ಇದೇ ಕಥೆ, ಊರು ಇನ್ನಷ್ಟು ದೂರ, ಅಷ್ಟೇ. ಎಲ್ಲಿ ಹೋದರೂ ಅವನಿಗೆ ಮೊದಲು ಕೇಳಿಬರುವ ಮಾತು ಒಂದೇ: ‘ಮೊದಲು ಕೆಲಸ ಕಲಿ, ಪಗಾರದ ಮಾತು ಆಮೇಲೆ.’ ಇದರಲ್ಲಿ ಒಂದು ಒಪ್ಪಂದ ಅಡಗಿದೆ. ಇವತ್ತು ಕಡಿಮೆ ದುಡ್ಡಿಗೆ ದುಡಿ, ಬದಲಿಗೆ ನಾಳೆ ಹೆಚ್ಚು ದುಡಿಯುವ ವಿದ್ಯೆ ಕೊಡುತ್ತೇನೆ ಎಂಬುದು ಮಾಲೀಕ ಆಡುವ ಮಾತು. ಈ ಒಪ್ಪಂದದಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಅದು ನಡೆಯುತ್ತಿರುವ ರೀತಿಯಲ್ಲಿ. ಕಡಿಮೆ ದುಡ್ಡು ಎಂಬ ಅರ್ಧವನ್ನು ನಮ್ಮ ಕಾನೂನು ರೂಪಾಯಿ ಲೆಕ್ಕದಲ್ಲಿ ಬರೆದಿಟ್ಟಿದೆ. ವಿದ್ಯೆ ಕೊಡಬೇಕು ಎಂಬ ಇನ್ನರ್ಧವನ್ನು ಬಹುಮಟ್ಟಿಗೆ ಮಾಲೀಕನ ಮನಸ್ಸಿಗೆ ಬಿಟ್ಟಿದೆ. ಅಪ್ರೆಂಟಿಸ್‌ಗೆ ಕಡಿಮೆ ಕೊಡುವುದಕ್ಕೆ ಇರುವ ಏಕೈಕ ಸಮರ್ಥನೆ ಅವನಿಗೆ ಕಲಿಸುತ್ತಿದ್ದೇವೆ ಎಂಬುದು. ಕಲಿಕೆ ಎಲ್ಲಿ ಇಲ್ಲವೋ ಅಲ್ಲಿ ಆ ರಿಯಾಯಿತಿಯೂ ಇರಬಾರದು ಎಂಬುದು ಈ ಲೇಖನದ ವಾದ.

ಮೊದಲು ದುಡ್ಡಿನ ಲೆಕ್ಕ ನೋಡೋಣ. ದೇಶದಲ್ಲಿ ಅಪ್ರೆಂಟಿಸ್‌ಗಳ ವಿಷಯಕ್ಕೆ ಮೂಲ ಕಾನೂನು 1961ರ ಅಪ್ರೆಂಟಿಸ್ ಕಾಯ್ದೆ. ಅದರ ನಿಯಮಗಳಿಗೆ 2019ರ ಸೆಪ್ಟೆಂಬರ್‌ನಲ್ಲಿ ಮಾಡಿದ ತಿದ್ದುಪಡಿಯಂತೆ ಐದರಿಂದ ಒಂಬತ್ತನೇ ತರಗತಿವರೆಗೆ ಓದಿದವರಿಗೆ ತಿಂಗಳಿಗೆ ಕನಿಷ್ಠ 5,000 ರೂಪಾಯಿ, ಹತ್ತನೇ ತರಗತಿ ಪಾಸಾದವರಿಗೆ 6,000, ಪಿಯುಸಿ ಅಥವಾ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಸ್ಟೈಪೆಂಡ್ ನಿಗದಿಯಾಯಿತು. ಎರಡನೇ ವರ್ಷ ಇದರ ಮೇಲೆ ಶೇ 10ರಷ್ಟು, ಮೂರನೇ ವರ್ಷ ಮತ್ತೆ ಶೇ 15ರಷ್ಟು ಏರಿಕೆ. ಐಟಿಐ ಮುಗಿಸಿದ ಫಿಟ್ಟರ್‌ನ 7,000 ರೂಪಾಯಿಯನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 269 ರೂಪಾಯಿ ಬೀಳುತ್ತದೆ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೆರೆ ಹೂಳೆತ್ತುವ ಕೆಲಸಕ್ಕೆ ಸರ್ಕಾರವೇ ಗೊತ್ತುಮಾಡಿದ ಕೂಲಿಗಿಂತ, ಎರಡು ವರ್ಷ ಐಟಿಐಯಲ್ಲಿ ಕೂತು ಪರೀಕ್ಷೆ ಪಾಸು ಮಾಡಿ ಬಂದವನ ದಿನದ ಬೆಲೆ ನೂರು ರೂಪಾಯಿ ಕಡಿಮೆ! ಇನ್ನೊಂದು ಹೋಲಿಕೆ ಇದಕ್ಕಿಂತ ಹತ್ತಿರದ್ದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ ಮೊದಲಾದವರಿಗೆ ಐದರಿಂದ ಏಳು ದಿನದ ಮೂಲ ತರಬೇತಿ ಇದೆ. ಅಲ್ಲಿ ತರಬೇತಿಯ ಒಂದೊಂದು ದಿನಕ್ಕೂ ಸಿಗುವ ಸ್ಟೈಪೆಂಡ್ 500 ರೂಪಾಯಿ. ಒಂದು ವಾರ ಕಲಿಯುವವನ ದಿನಕ್ಕೆ ಐನೂರು, ವರ್ಷವಿಡೀ ಕಲಿಯುವವನ ದಿನಕ್ಕೆ ಇನ್ನೂರ ಅರವತ್ತೊಂಬತ್ತು. ಎರಡೂ ಒಂದೇ ಸರ್ಕಾರದ ಲೆಕ್ಕ.

ಈ ಮೊತ್ತ ಹೀಗೆಯೇ ಇರಬೇಕಾಗಿರಲಿಲ್ಲ. 2014ರಲ್ಲಿ ನಿಯಮ ತಿದ್ದಿದಾಗ ಸ್ಟೈಪೆಂಡನ್ನು ಆಯಾ ರಾಜ್ಯದ ಅರೆಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕೆ ಕಟ್ಟಿಹಾಕಲಾಗಿತ್ತು: ಮೊದಲ ವರ್ಷ ಅದರ ಶೇ 70, ಎರಡನೇ ವರ್ಷ ಶೇ 80, ಮೂರನೇ ವರ್ಷ ಶೇ 90. ಈ ಏಣಿಯಲ್ಲಿ ಒಂದು ನ್ಯಾಯವಿತ್ತು. ಕಲಿಯುವವನ ಕೈ ಪಳಗಿದಂತೆಲ್ಲ ಅವನ ಪಾಲು ಪೂರ್ತಿ ಕೂಲಿಯ ಹತ್ತಿರ ಹೋಗುತ್ತಿತ್ತು. ಬೆಲೆ ಏರಿ ರಾಜ್ಯ ಕನಿಷ್ಠ ವೇತನ ಹೆಚ್ಚಿಸಿದರೆ ಅಪ್ರೆಂಟಿಸ್‌ನ ಸ್ಟೈಪೆಂಡೂ ತಾನಾಗಿ ಹೆಚ್ಚುತ್ತಿತ್ತು, ಯಾರನ್ನೂ ಬೇಡಬೇಕಿರಲಿಲ್ಲ. 2019ರಲ್ಲಿ ಈ ಕೊಂಡಿ ಕಳಚಿ ನಿಗದಿತ ಮೊತ್ತ ಬಂತು. ಅಂದಿನಿಂದ ಅಕ್ಕಿ, ಎಣ್ಣೆ, ಬಸ್ ಚಾರ್ಜ್, ಕೋಣೆ ಬಾಡಿಗೆ ಎಲ್ಲವೂ ಏರಿದವು. ಸ್ಟೈಪೆಂಡ್ ಮಾತ್ರ ನಿಂತಲ್ಲೇ ನಿಂತಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಇದನ್ನು ಶೇ 36ರಷ್ಟು ಏರಿಸಿ 6,800ರಿಂದ 12,300 ರೂಪಾಯಿವರೆಗೆ ಮಾಡಬೇಕು, ಮುಂದೆ ಬೆಲೆ ಸೂಚ್ಯಂಕಕ್ಕೆ ಜೋಡಿಸಬೇಕು ಎಂದು ಶಿಫಾರಸು ಮಾಡಿತು. ಒಂದೇ ಸಲ ಶೇ 36ರಷ್ಟು ಏರಿಸಬೇಕಾದ ಸ್ಥಿತಿ ಬಂತೆಂದರೆ ನಡುವಿನ ವರ್ಷಗಳಲ್ಲಿ ಕಲಿತು ಹೊರಬಿದ್ದ ತಂಡಗಳು ಅಷ್ಟನ್ನು ಕಳೆದುಕೊಂಡೇ ಹೋದವು ಎಂದರ್ಥ. ಅವರಿಗೆ ಆ ಬಾಕಿಯನ್ನು ಯಾರೂ ತುಂಬಿಕೊಡುವುದಿಲ್ಲ. ಸೂಚ್ಯಂಕಕ್ಕೆ ಜೋಡಿಸುವುದು ಒಳ್ಳೆಯದೇ. ಆದರೆ ಕನಿಷ್ಠ ವೇತನಕ್ಕೆ ಕಟ್ಟಿದ ಆ ಹಳೆಯ ಏಣಿಯೇ ಹೆಚ್ಚು ಸರಿ ಎಂದು ನನಗನಿಸುತ್ತದೆ. ಕಲಿಕೆ ಹೆಚ್ಚಿದಂತೆ ರಿಯಾಯಿತಿ ಕಡಿಮೆಯಾಗಬೇಕು ಎಂಬ ತತ್ವ ಅದರೊಳಗೇ ಇತ್ತು.

ಇನ್ನು ಹಕ್ಕಿನ ಮಾತು. ಕಾಯ್ದೆಯ 18ನೇ ಕಲಂ ಪ್ರಕಾರ ಅಪ್ರೆಂಟಿಸ್ ತರಬೇತಿದಾರನೇ ಹೊರತು ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಅವನಿಗೆ ಭವಿಷ್ಯನಿಧಿ ಇಲ್ಲ, ಇಎಸ್‌ಐ ಇಲ್ಲ, ಗ್ರಾಚ್ಯುಟಿ ಇಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ತನ್ನ ಕಾರ್ಮಿಕರ ವ್ಯಾಖ್ಯೆಯಲ್ಲಿ ಅಪ್ರೆಂಟಿಸ್‌ನನ್ನೂ ಸೇರಿಸಿಕೊಂಡಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಅವನನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ವೇತನ ಸಂಹಿತೆಯೂ ಅಷ್ಟೇ. ಹಾಗೆಂದು ಅವನ ಕೈ ಪೂರಾ ಖಾಲಿಯೇನಲ್ಲ. ಆರೋಗ್ಯ, ಸುರಕ್ಷತೆ, ಕಲ್ಯಾಣದ ವಿಷಯದಲ್ಲಿ ಕಾರ್ಖಾನೆ ಕಾನೂನಿನ ರಕ್ಷಣೆ ಅಪ್ರೆಂಟಿಸ್‌ಗೂ ಸಲ್ಲುತ್ತದೆ ಎನ್ನುತ್ತದೆ 14ನೇ ಕಲಂ. ತರಬೇತಿಯ ವೇಳೆ ಅಪಘಾತದಲ್ಲಿ ಗಾಯವಾದರೆ ಮಾಲೀಕನೇ ಪರಿಹಾರ ಕೊಡಬೇಕು ಎನ್ನುತ್ತದೆ 16ನೇ ಕಲಂ. ಮಾಡಿದ ನಗಗಳ ಎಣಿಕೆಯ ಮೇಲೆ ಸ್ಟೈಪೆಂಡ್ ಕೊಡಕೂಡದು, ಉತ್ಪಾದನೆಯ ಬೋನಸ್ ಆಸೆ ಹಚ್ಚಿ ದುಡಿಸಕೂಡದು ಎನ್ನುತ್ತದೆ 13ನೇ ಕಲಂ. 14 ವರ್ಷಕ್ಕಿಂತ ಕಡಿಮೆ ವಯಸ್ಸಿನವರನ್ನು ಅಪ್ರೆಂಟಿಸ್ ಮಾಡುವಂತಿಲ್ಲ. ಅಪಾಯಕಾರಿ ಉದ್ದಿಮೆಗಳಲ್ಲಿ ಆ ಮಿತಿ 18. ರಾಸಾಯನಿಕ, ಔಷಧ ಘಟಕಗಳಿರುವ ಕೊಳಾರದಂಥ ಕಡೆ ಮಗನನ್ನು ಸೇರಿಸುವ ಅಪ್ಪ–ಅವ್ವ ಈ ಕಲಂಗಳನ್ನು ತಿಳಿದುಕೊಂಡೇ ಕಳುಹಿಸಬೇಕು.

ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಈ ವಿನಾಯಿತಿಗಳೆಲ್ಲ ಮಾಲೀಕನಿಗೆ ಸಿಗುವುದು ಅಪ್ರೆಂಟಿಸ್ ಕಾಯ್ದೆಯಡಿ ಲಿಖಿತ ಕರಾರು ಮಾಡಿಕೊಂಡಾಗ ಮಾತ್ರ. ಕರಾರಿಲ್ಲದೆ ‘ಟ್ರೇನಿ’ ಎಂದು ಕರೆದು ಆರು ತಿಂಗಳು, ವರ್ಷ ದುಡಿಸಿದರೆ ಆ ಹೆಸರಿನಿಂದ ಮಾಲೀಕನಿಗೆ ರಕ್ಷಣೆ ಸಿಗುವುದಿಲ್ಲ. ಇಎಸ್‌ಐ ಕಾನೂನಂತೂ ಈ ಕಾಯ್ದೆಯಡಿ ನೇಮಕವಾಗದ ಅಪ್ರೆಂಟಿಸ್‌ನನ್ನು ನೌಕರನೆಂದೇ ಎಣಿಸುತ್ತ ಬಂದಿದೆ. ಅಂದರೆ ಕಾಗದ ಮಾಡದೆ ಕಲಿಸುತ್ತೇನೆ ಎನ್ನುವವನು ಕಾನೂನಿನ ಕಣ್ಣಿಗೆ ಕಲಿಸುವವನಲ್ಲ, ಕೆಲಸಕ್ಕಿಟ್ಟುಕೊಂಡವನು. ಅವನು ಕೊಡಬೇಕಾದ್ದು ಪೂರ್ತಿ ಕನಿಷ್ಠ ವೇತನ.

ಕಲಿಸುವುದು ಎಂದರೇನು ಎಂಬುದಕ್ಕೆ ಬೀದರ್ ಬಿಟ್ಟು ಬೇರೆ ಊರಿಗೆ ಹೋಗಬೇಕಾಗಿಲ್ಲ. 2006ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬಿದರಿ ಕೆಲಸವನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸಿ, ಹರಳೆಣ್ಣೆ ಮತ್ತು ರಾಳ ಸೇರಿಸಿದ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಹೊರಬಂದ ಒರಟು ಹೂಜಿಗೆ ಅರ ಹಾಕಿ ತಿಕ್ಕಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚೂಪು ಮೊನೆಯಿಂದ ಬಳ್ಳಿ ಹೂವು ಗೀರುತ್ತಾರೆ. ಆ ಗೀರಿನ ಗುಂಟ ಉಳಿ ಓಡಿಸಿ ಕಾಲುವೆ ತೆಗೆದು, ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಕೊನೆಗೆ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ದ್ರಾವಣದಲ್ಲಿ ಆಡಿಸಿದರೆ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಇದರಲ್ಲಿ ಅರ ತಿಕ್ಕುವುದನ್ನು ಹೊಸಬ ಕೆಲವೇ ದಿನಗಳಲ್ಲಿ ಕಲಿತುಬಿಡುತ್ತಾನೆ. ಉಳಿಯನ್ನು ಎಷ್ಟು ಓರೆ ಹಿಡಿಯಬೇಕು, ಕಾಲುವೆ ಎಷ್ಟು ಆಳ ಇದ್ದರೆ ತಂತಿ ಕಚ್ಚಿಕೊಳ್ಳುತ್ತದೆ, ಯಾವ ಮಣ್ಣು ಸರಿಯಾದ ಮಣ್ಣು ಎಂಬುದು ಬರಲು ವರ್ಷಗಳು ಬೇಕು, ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುವ ಉಸ್ತಾದರೂ ಬೇಕು. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರಂಥ ಕೈ ತಯಾರಾಗುವುದು ಹೀಗೆ. ಎರಡು ವರ್ಷ ಕಾರ್ಖಾನೆಯಲ್ಲಿದ್ದೂ ಅರ ತಿಕ್ಕುವುದನ್ನು ಬಿಟ್ಟು ಬೇರೇನನ್ನೂ ಮುಟ್ಟದ ಹುಡುಗ ಎರಡು ವರ್ಷ ಕಲಿತಿಲ್ಲ. ಎರಡು ವಾರ ಕಲಿತಿದ್ದಾನೆ, ಮಿಕ್ಕ ದಿನ ದುಡಿದಿದ್ದಾನೆ. ಆ ದುಡಿದ ದಿನಗಳಿಗೆ ಕಲಿಯುವವನ ಕೂಲಿ ಕೊಟ್ಟರೆ ಅನ್ಯಾಯ.

ಬಸ್ ಡಿಪೋಗೂ ಗ್ಯಾರೇಜಿಗೂ ಇದೇ ಅಳತೆಗೋಲು ಸಾಕು. ಟೈರ್ ಕಳಚುವುದು, ಗ್ರೀಸ್ ಹಚ್ಚುವುದು, ಬಿಡಿಭಾಗ ತೊಳೆಯುವುದು, ಪಾನಾ ಎತ್ತಿಕೊಡುವುದು ಎಲ್ಲ ಮೆಕ್ಯಾನಿಕ್‌ನ ಕೆಲಸದ ಭಾಗವೇ. ಆದರೆ ಎಂಜಿನ್ನಿನ ಸದ್ದು ಕೇಳಿ ದೋಷ ಗುರುತಿಸುವುದು, ಬ್ರೇಕ್ ಹೊಂದಿಸುವುದು, ಪಂಪ್ ಬಿಚ್ಚಿ ಜೋಡಿಸುವುದು ಬಾರದವನನ್ನು ಮೆಕ್ಯಾನಿಕ್ ಎಂದು ಯಾರು ಕರೆದಾರು? ಜರ್ಮನಿಯ 1969ರ ವೃತ್ತಿ ತರಬೇತಿ ಕಾಯ್ದೆ ಈ ವಿಷಯದಲ್ಲಿ ಒಂದು ಸರಳ ಕಟ್ಟುಪಾಡು ಹಾಕಿದೆ: ತರಬೇತಿಯ ಉದ್ದೇಶಕ್ಕೆ ಒದಗುವ ಕೆಲಸವನ್ನು ಮಾತ್ರ ಅಪ್ರೆಂಟಿಸ್‌ಗೆ ಹಚ್ಚಬೇಕು. ಕಸ ಗುಡಿಸು, ಚಹಾ ತಾ ಎಂದು ದಿನ ಕಳೆಸಿದರೆ ಅದು ಕಾನೂನಿನ ಉಲ್ಲಂಘನೆ. ನಮ್ಮ ಕಾಯ್ದೆಯಲ್ಲೂ ಪಠ್ಯಕ್ರಮವಿದೆ, ಪರೀಕ್ಷೆಯಿದೆ, ಪ್ರಮಾಣಪತ್ರವಿದೆ. ಇವತ್ತು ಏನು ಕಲಿಸಿದರು ಎಂದು ಬಂದು ಕೇಳುವವರು ಮಾತ್ರ ಅಪರೂಪ.

ಮಾಲೀಕರ ಕಡೆಯ ಮಾತನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಹೊಸಬ ಕೈ ಹಾಕಿದರೆ ಸಾಮಾನು ಕೆಡುತ್ತದೆ. ಬೆಳ್ಳಿ ತಂತಿ ತುಂಡಾಗುತ್ತದೆ, ಬೋಲ್ಟಿನ ಮರೆ ಹಾಳಾಗುತ್ತದೆ, ತಿದ್ದಲು ಕೂರುವ ಹಿರಿಯ ಮಿಸ್ತ್ರಿಯ ವೇಳೆಯೂ ಹೋಗುತ್ತದೆ. ಇಷ್ಟೆಲ್ಲ ನಷ್ಟ ಹೊತ್ತು ಮೇಲೆ ಪೂರ್ತಿ ಪಗಾರವನ್ನೂ ಕೊಡಬೇಕೇ ಎಂಬ ಪ್ರಶ್ನೆಗೆ ಬೇಡ ಎಂದೇ ನನ್ನ ಉತ್ತರ. ಕಲಿಸುವ ಖರ್ಚು ನಿಜವಾದ ಖರ್ಚು, ಅದಕ್ಕೆ ರಿಯಾಯಿತಿ ಇರಲಿ. ಆದರೆ ಆ ನಷ್ಟ ಮೊದಲ ತಿಂಗಳುಗಳಲ್ಲಿ ಹೆಚ್ಚು, ಬರುಬರುತ್ತ ಕಡಿಮೆ. ಎಂಟನೇ ತಿಂಗಳಿನಲ್ಲಿ ಒಬ್ಬನೇ ನಿಂತು ಬಸ್ಸಿನ ಬ್ರೇಕ್ ಕೆಲಸ ಮುಗಿಸುವವನಿಂದ ಮಾಲೀಕನಿಗೆ ಲಾಭವೇ ಬರುತ್ತಿರುತ್ತದೆ. ಜರ್ಮನಿ 2020ರ ಜನವರಿಯಿಂದ ಅಪ್ರೆಂಟಿಸ್‌ಗಳಿಗೆ ಕನಿಷ್ಠ ಭತ್ಯೆ ನಿಗದಿ ಮಾಡಿದಾಗ ಈ ಲೆಕ್ಕವನ್ನೇ ಹಿಡಿಯಿತು. ಮೊದಲ ವರ್ಷಕ್ಕೆ 515 ಯೂರೊ, ಎರಡನೇ ವರ್ಷ ಅದರ ಮೇಲೆ ಶೇ 18, ಮೂರನೇ ವರ್ಷ ಶೇ 35, ನಾಲ್ಕನೇ ವರ್ಷ ಶೇ 40 ಹೆಚ್ಚು. ಮೊದಲ ವರ್ಷದ ಮೊತ್ತ 2025ಕ್ಕೆ 682 ಯೂರೊ ಆಗಿತ್ತು. ಅಲ್ಲಿ ಅಪ್ರೆಂಟಿಸ್ ಸಾಮಾಜಿಕ ವಿಮೆಯ ಒಳಗೂ ಇದ್ದಾನೆ. ಕಲಿಯುವವನು ಎಂಬ ಕಾರಣಕ್ಕೆ ಅವನ ಕಾಯಿಲೆ, ಮುಪ್ಪು ಲೆಕ್ಕಕ್ಕಿಲ್ಲ ಎಂದು ಅವರು ಹೇಳಲಿಲ್ಲ.

ಎರಡನೇ ಆಕ್ಷೇಪ ಸಣ್ಣವರದು. ಭಾಲ್ಕಿಯ ಗ್ಯಾರೇಜಿನವನಿಗೆ, ಬೀದರ್‌ನ ಬಿದರಿ ಕುಶಲಕರ್ಮಿಗೆ ತನ್ನ ಹೊಟ್ಟೆಯೇ ತುಂಬದಿರುವಾಗ ಸ್ಟೈಪೆಂಡ್ ಎಲ್ಲಿಂದ ತಂದಾನು? ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವ ಕಡೆ ಅದು ಮಾಲೀಕರ ಇಚ್ಛೆ. ಅಪ್ಪ, ಮಗ, ಒಬ್ಬ ಕೆಲಸಗಾರ ಎಂಬಂಥ ಮನೆ ಕಾರ್ಖಾನೆಗಳು ಈ ಲೆಕ್ಕದೊಳಗೇ ಬರುವುದಿಲ್ಲ. ನಮ್ಮ ಜಿಲ್ಲೆಯಂಥ ಕಡೆ ನಿಜವಾಗಿ ಕೈಕೆಲಸ ಕಲಿಯುವುದು ಮಾತ್ರ ಇಂಥ ಜಾಗಗಳಲ್ಲೇ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಕೇಂದ್ರವು ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯಲ್ಲಿ, ಭರಿಸುತ್ತದೆ. 2023ರಿಂದ ಅದು ನೇರ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಬರುತ್ತದೆ. ನೂರಾರು ಕೋಟಿ ವಹಿವಾಟಿನ ಕಂಪನಿಗೂ ಒಂದು ಲಿಫ್ಟ್ ಇಟ್ಟುಕೊಂಡ ಗ್ಯಾರೇಜಿಗೂ ಒಂದೇ ಪ್ರಮಾಣದ ನೆರವು ಯಾಕೆ? ದೊಡ್ಡವರಿಗೆ ಅದನ್ನು ಕಡಿಮೆ ಮಾಡಿ ಸಣ್ಣವರಿಗೆ ಅರ್ಧದಷ್ಟಾದರೂ ಕೊಡಬಹುದು. ಹತ್ತು ಗ್ಯಾರೇಜುಗಳು ಸೇರಿ ಒಂದು ಗುಂಪಾಗಿ ಅಪ್ರೆಂಟಿಸ್‌ಗಳನ್ನು ಹಂಚಿಕೊಳ್ಳಲು ಅವಕಾಶ ಮಾಡಬಹುದು. ಓದಿನ ಭಾಗವನ್ನು ಸರ್ಕಾರಿ ಐಟಿಐಗಳಿಗೆ ಒಪ್ಪಿಸಬಹುದು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ಯಂತ್ರಗಳಿಂದ ಸಜ್ಜುಗೊಳಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತಲ್ಲ, ಆ ಯಂತ್ರಗಳ ಮೇಲೆ ಊರಿನ ಗ್ಯಾರೇಜಿನ ಹುಡುಗನೂ ವಾರಕ್ಕೊಂದು ದಿನ ಕೈಯಾಡಿಸುವಂತಾಗಲಿ. ಬಡ ಉಸ್ತಾದನ ಕಷ್ಟಕ್ಕೆ ಪರಿಹಾರ ಸರ್ಕಾರದಿಂದ ಬರಬೇಕು. ಅವನಿಗಿಂತಲೂ ಬಡವನಾದ ಹುಡುಗನ ಜೇಬಿನಿಂದ ಅದನ್ನು ವಸೂಲು ಮಾಡುವುದು ಸರಿಯಲ್ಲ.

ಸ್ಟೈಪೆಂಡ್ ಹೆಚ್ಚಿಸಿದರೆ ಕಂಪನಿಗಳು ಅಪ್ರೆಂಟಿಸ್‌ಗಳನ್ನೇ ತೆಗೆದುಕೊಳ್ಳುವುದಿಲ್ಲ ಎಂಬ ಹೆದರಿಕೆ ಮೂರನೆಯದು. ದೊಡ್ಡ ಸಂಸ್ಥೆಗಳು ಗುತ್ತಿಗೆ ಕಾರ್ಮಿಕರೂ ಸೇರಿದಂತೆ ತಮ್ಮ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬೇಕೆಂಬುದು ಕಾನೂನು, ಇದರಲ್ಲಿ ಅವರ ಇಷ್ಟಾನಿಷ್ಟದ ಮಾತಿಲ್ಲ. ಆದರೆ ಈ ಕಾನೂನಿನ ಹಲ್ಲು ಎಷ್ಟು ಮೊಂಡು ಎಂಬುದನ್ನು ದಂಡದ ಮೊತ್ತವೇ ಹೇಳುತ್ತದೆ. 2014ರ ತಿದ್ದುಪಡಿ ಜೈಲುಶಿಕ್ಷೆಯನ್ನು ತೆಗೆದುಹಾಕಿತು. ಕೊರತೆಬಿದ್ದ ಒಬ್ಬೊಬ್ಬ ಅಪ್ರೆಂಟಿಸ್‌ಗೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಆಮೇಲೆ ತಿಂಗಳಿಗೆ 1,000 ರೂಪಾಯಿ ದಂಡ ಇಟ್ಟಿತು. ಒಬ್ಬನನ್ನು ಇಟ್ಟುಕೊಂಡು ಕಲಿಸಿದರೆ 7,000, ಇಟ್ಟುಕೊಳ್ಳದೆ ಸಿಕ್ಕಿಬಿದ್ದರೂ 1,000. ವ್ಯಾಪಾರ ಬಲ್ಲವನು ಯಾವುದನ್ನು ಆರಿಸಿಕೊಳ್ಳುತ್ತಾನೆ? ಅಪ್ರೆಂಟಿಸ್‌ಗಳ ಸಂಖ್ಯೆ ಕುಸಿಯದಿರಬೇಕಾದರೆ ಹಿಡಿಯಬೇಕಾದ್ದು ಈ ದಂಡವನ್ನು. ದಂಡ ಸ್ಟೈಪೆಂಡಿಗಿಂತ ಒಂದು ರೂಪಾಯಿ ಹೆಚ್ಚಾದ ದಿನ ಈ ಹೆದರಿಕೆಯ ಅರ್ಧ ಕರಗುತ್ತದೆ. ಕಲಿಸುವ ಆಸಕ್ತಿಯೇ ಇಲ್ಲದೆ, ಅಗ್ಗಕ್ಕೆ ಕೈ ಸಿಗುತ್ತದೆ ಎಂಬ ಕಾರಣಕ್ಕೆ ಮಾತ್ರ ಅಪ್ರೆಂಟಿಸ್‌ಗಳನ್ನು ತುಂಬಿಕೊಂಡ ಸಂಸ್ಥೆಗಳು ಬಾಗಿಲು ಹಾಕಿಕೊಂಡರೆ ಅದನ್ನು ನಾನು ನಷ್ಟ ಎನ್ನಲಾರೆ. ಅಂಥಲ್ಲಿ ಒಂದು ತಂಡ ಹೋಗಿ ಇನ್ನೊಂದು ತಂಡ ಬರುತ್ತದೆ. ಕಾಯಂ ಆಗಬೇಕಿದ್ದ ಹುದ್ದೆಯ ಕೆಲಸ ಮಾತ್ರ ಯಾವಾಗಲೂ ಕಲಿಯುವವರ ಕೈಯಲ್ಲೇ ನಡೆಯುತ್ತಿರುತ್ತದೆ.

ಕಲಿತ ಮೇಲೆ ಏನು? ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ರೂಪಿಸಿಕೊಳ್ಳಬೇಕು ಎಂದಷ್ಟೇ ಹೇಳುತ್ತದೆ 22ನೇ ಕಲಂ. ಆ ನೀತಿಯಲ್ಲಿ ಏನಿರಬೇಕು ಎಂಬುದನ್ನು ಮಾಲೀಕನಿಗೇ ಬಿಟ್ಟಿದೆ. ಹಾಗಿದ್ದರೂ ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಕೊಟ್ಟ ತೀರ್ಪು ಮುಖ್ಯವಾದದ್ದು. ಮಿಕ್ಕೆಲ್ಲ ಅರ್ಹತೆ ಸಮನಾಗಿದ್ದರೆ ಹೊರಗಿನವರಿಗಿಂತ ತರಬೇತಾದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಬೇಕು, ಉದ್ಯೋಗ ವಿನಿಮಯ ಕೇಂದ್ರದಿಂದಲೇ ಹೆಸರು ಬರಬೇಕೆಂದು ಒತ್ತಾಯಿಸಬಾರದು, ಮೊದಲು ತರಬೇತಾದವರನ್ನು ಮೊದಲು ಪರಿಗಣಿಸಬೇಕು ಎಂದಿತು ಕೋರ್ಟ್. ನಮ್ಮ ಸಾರಿಗೆ ನಿಗಮಗಳಲ್ಲಿ ಕಲಿತು ಹೊರಬಂದ ಹುಡುಗರು ನೇಮಕಾತಿಯ ವೇಳೆ ಮುಂದಿಡಬಹುದಾದ ಆಧಾರ ಇದು. ರೈಲ್ವೆ ಇನ್ನೂ ಒಂದು ಹೆಜ್ಜೆ ಮುಂದಿದೆ. ತನ್ನಲ್ಲಿ ಅಪ್ರೆಂಟಿಸ್ ತರಬೇತಿ ಮುಗಿಸಿದವರಿಗೆ ಲೆವೆಲ್–1 ಹುದ್ದೆಗಳಲ್ಲಿ ಶೇ 20ರಷ್ಟು ಮೀಸಲಿಡುತ್ತದೆ. ಕೇಂದ್ರ ಸರ್ಕಾರದ ರೈಲ್ವೆಗೆ ಸಾಧ್ಯವಾದದ್ದು ರಾಜ್ಯದ ಸಾರಿಗೆ ನಿಗಮಕ್ಕೆ, ವಿದ್ಯುತ್ ಕಂಪನಿಗೆ, ಸಹಕಾರಿ ಸಕ್ಕರೆ ಕಾರ್ಖಾನೆಗೆ ಯಾಕೆ ಆಗದು? ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆಗಳಲ್ಲಷ್ಟೇ ಅಲ್ಲ, ಶಿಕ್ಷಣ ಮತ್ತು ವೃತ್ತಿ ತರಬೇತಿ ಸಂಸ್ಥೆಗಳ ಸೀಟುಗಳಲ್ಲೂ ಮೀಸಲಿಗೆ ಅವಕಾಶ ಕೊಟ್ಟಿದೆ. ಸೀಟು ಸಿಕ್ಕಿ ಐಟಿಐ ಮುಗಿಸಿದವನು ಅಲ್ಲಿಂದ ಕೆಲಸದವರೆಗೆ ಹೋಗುವ ದಾರಿಯೇ ಅಪ್ರೆಂಟಿಸ್‌ಶಿಪ್. ಆ ದಾರಿಯನ್ನು ಸರಿಮಾಡದೆ ಸೀಟು ಮಾತ್ರ ಕೊಟ್ಟರೆ ವಿಧಿಯ ಉದ್ದೇಶ ಅರ್ಧಕ್ಕೇ ನಿಲ್ಲುತ್ತದೆ.

ದೂರದ ಖರ್ಚನ್ನೂ ಮರೆಯಬಾರದು. ಹಲಬರ್ಗಾದಲ್ಲಿ ಮನೆಯಿಂದ ಓಡಾಡುವವನಿಗೂ ಬೆಂಗಳೂರಿನಲ್ಲಿ ಕೋಣೆ ಹಿಡಿದವನಿಗೂ ಕಾನೂನು ಹೇಳುವ ಕನಿಷ್ಠ ಸ್ಟೈಪೆಂಡ್ ಒಂದೇ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದಾಗಿ ಔರಾದ್‌ನಿಂದ ಬೀದರ್‌ಗೆ ದಿನವೂ ಬಂದುಹೋಗುವ ಹುಡುಗಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಉಳಿಯುತ್ತದೆ, ಅಷ್ಟರಮಟ್ಟಿಗೆ ಅವಳ 7,000 ಇಡಿಯಾಗಿ ಕೈಗೆ ಬರುತ್ತದೆ. ಹುಡುಗರಿಗೆ ಅಪ್ರೆಂಟಿಸ್ ಎಂಬ ಗುರುತಿನ ಮೇಲೆಯೇ ರಿಯಾಯಿತಿ ಪಾಸ್, ದೂರ ಹೋದವರಿಗೆ ಹಾಸ್ಟೆಲ್ ಕೊಟ್ಟರೆ ಸರ್ಕಾರಕ್ಕೆ ಅದೇನೂ ದೊಡ್ಡ ಭಾರವಲ್ಲ. ಹಾಗಾದರೆ ನಡುವೆಯೇ ತರಬೇತಿ ಬಿಟ್ಟು ಊರಿಗೆ ಮರಳುವವರಲ್ಲಿ ಎಷ್ಟೋ ಮಂದಿ ಅಲ್ಲೇ ಉಳಿಯಬಲ್ಲರು.

ಕಾನೂನು ಬದಲಾಗುವವರೆಗೆ ಇರುವುದನ್ನೇ ಹಿಡಿದುಕೊಳ್ಳಬೇಕು. ಮನೆಯವರು ಸಹಿ ಹಾಕುವ ಮೊದಲು ಕರಾರು ಕೇಳಿ ಓದಬೇಕು. ಅದು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಾಯಿತವೇ, ಯಾವ ಟ್ರೇಡ್, ಎಷ್ಟು ತಿಂಗಳು, ಸ್ಟೈಪೆಂಡ್ ಎಷ್ಟು ಎಂಬುದನ್ನು ನೋಡಬೇಕು. ಮಗ 18 ತುಂಬದವನಾದರೆ ಪಾಲಕರ ಸಹಿ ಇಲ್ಲದೆ ಕರಾರೇ ಆಗದು. ಹಣ ಬ್ಯಾಂಕ್ ಖಾತೆಗೇ ಬರಲಿ. ಹುಡುಗ ತಾನು ಆಯಾ ದಿನ ಮಾಡಿದ ಕೆಲಸವನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಕಲಿಸಲೇ ಇಲ್ಲ ಎಂಬ ದೂರಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗುವುದು ಕಷ್ಟ. ಮಾಲೀಕನಿಗೂ ಅಪ್ರೆಂಟಿಸ್‌ಗೂ ಕರಾರಿನ ವಿಷಯದಲ್ಲಿ ತಕರಾರು ಬಂದರೆ 20ನೇ ಕಲಂ ಪ್ರಕಾರ ತೀರ್ಮಾನಿಸಬೇಕಾದವರು ಅಪ್ರೆಂಟಿಸ್‌ಶಿಪ್ ಸಲಹೆಗಾರರು. ರಾಜ್ಯದಲ್ಲಿ ಈ ಹೊಣೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯದು. ಹಾಗಾಗಿ ಬೀದರ್, ಭಾಲ್ಕಿ, ಔರಾದ್‌ನವರು ದೂರು ಹಿಡಿದು ಮೊದಲು ಹೋಗಬೇಕಾದ್ದು ತಮ್ಮ ಹತ್ತಿರದ ಸರ್ಕಾರಿ ಐಟಿಐಗೆ. ಸಲಹೆಗಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ಕೈಗೆ ಬಂದ 30 ದಿನದೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.